ಸೂಪರ್ ಕೀಲಿ ಎಲ್ಲಿದೆ?



ಹೋದ ಚಳಿಗಾಲದಲ್ಲಿ ಒಂದು ರಾತ್ರಿ, ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ, ಸಾಗರದ ಕಡೆಯ ಹಳ್ಳಿಯಿಂದ ಭಾವನ ಫೋನು ಬಂತು. ನನ್ನ ಅಕ್ಕನ ಗಂಡ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಕೇಶಿರಾಜನ ವ್ಯಾಕರಣ ಸೂತ್ರಗಳನ್ನು ಈಗಲೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲರು. ಅವತ್ತು ಕ್ಷೇಮ ಸಮಾಚಾರ ಒಂದೂ ಇಲ್ಲ, ನೇರ ಪ್ರಶ್ನೆ: ‘ಮಾರಾಯ, ಈ ಸೂಪರ್ ಅನ್ನೋ ಕೀಲಿ ಎಲ್ಲಿದೆ?’

ಹಿಂದಿನ ಕತೆ ಸ್ವಲ್ಪ ಹೇಳಬೇಕು. ಭಾವನ ಮನೆಯ ಕಂಪ್ಯೂಟರಿಗೆ ಹತ್ತು ವರ್ಷ ದಾಟಿದೆ. ಅದರಲ್ಲಿದ್ದ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು ಆ ಹಳೆಯ ಯಂತ್ರದಲ್ಲಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕಲು ಮಲೆನಾಡಿನ ಮೇಷ್ಟರಿಗೆ ಮನಸ್ಸು ಬಂದೀತೇ? ದೀಪಾವಳಿಗೆ ಹೋದಾಗ ನಾನೇ ಕೂತು ಲಿನಕ್ಸ್ ಹಾಕಿಕೊಟ್ಟೆ. ಕಾಸು ಕೊಡಬೇಕಾಗಿಲ್ಲ, ಒಳಗಿನ ಹೂರಣ ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು ಅಂತೆಲ್ಲ ಮುಕ್ತ ತಂತ್ರಾಂಶದ ಮಹಿಮೆ ಹೇಳಿದೆ. ಅವರು ತಲೆದೂಗಿದರು. ‘ಕನ್ನಡ ಟೈಪು ಮಾಡೋದು ಹೇಗೆ ಅನ್ನೋದು ಸಹಾಯ ಪುಟದಲ್ಲಿದೆ, ಓದಿಕೊಳ್ಳಿ ಭಾವ’ ಅಂದು ಬಸ್ಸು ಹತ್ತಿದೆ. ಈಗ ಯೋಚಿಸಿದರೆ, ಎಡವಟ್ಟೆಲ್ಲ ಶುರುವಾದದ್ದು ಆ ಬಸ್ಸು ಹತ್ತಿದಲ್ಲಿ.

ಸಹಾಯ ಪುಟ ಹೇಳಿದ್ದು ಇಷ್ಟೇ: ಭಾಷೆ ಬದಲಿಸಲು ಸೂಪರ್ ಕೀಲಿಯನ್ನೂ ಸ್ಪೇಸ್ ಕೀಲಿಯನ್ನೂ ಒಟ್ಟಿಗೆ ಒತ್ತಿ.

‘ಭಾವ, ಕೀಬೋರ್ಡಿನ ಕೆಳಗಿನ ಸಾಲು ನೋಡಿ. ಎಡಗಡೆ ತುದಿಗೆ ಕಂಟ್ರೋಲ್. ಅದರ ಪಕ್ಕ ಏನಿದೆ?’

‘ಕಿಟಕಿ ಚಿತ್ರ ಇದೆ.’

‘ಅದೇ ಸೂಪರ್.’

ಆ ಕಡೆ ಒಂದು ಗಳಿಗೆ ಮೌನ. ಆಮೇಲೆ, ‘ಕಿಟಕಿಗೆ ಸೂಪರ್ ಅಂತ ಹೆಸರಿಟ್ಟವನು ಯಾವ ಶಾಲೆಯಲ್ಲಿ ಓದಿದನೋ!’

ಅವನು ಓದಿದ್ದು ಸಣ್ಣ ಶಾಲೆಯಲ್ಲಲ್ಲ. 1970ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಲಿಸ್ಪ್ ಯಂತ್ರಗಳೆಂಬ ಕಂಪ್ಯೂಟರುಗಳಿಗೆಂದು ಮಾಡಿದ ಒಂದು ಭಾರಿ ಕೀಲಿಮಣೆಯಲ್ಲಿ ಸೂಪರ್, ಹೈಪರ್ ಅಂತೆಲ್ಲ ಕೀಲಿಗಳಿದ್ದವು. ಆ ಯಂತ್ರಗಳು ಹೋದವು, ಹೆಸರು ಮಾತ್ರ ಲಿನಕ್ಸಿನ ಮನೆಯಲ್ಲಿ ಉಳಿದುಕೊಂಡಿತು. ಇನ್ನೊಂದು ಕಂಪನಿಯ ಲಾಂಛನದ ಹೆಸರು ಹಿಡಿದು ಕರೆಯಲು ಲಿನಕ್ಸಿನವರಿಗೂ ಮನಸ್ಸಿಲ್ಲ, ಸರಿಯೇ. ಆದರೆ ಭಾವನ ಕೀಬೋರ್ಡಿನ ಮೇಲೆ ಸೂಪರ್ ಅಂತ ಎಲ್ಲೂ ಬರೆದಿಲ್ಲ. ಪುಟದಲ್ಲಿದ್ದ ಒಂದೊಂದು ಮಾತೂ ನಿಜ. ಓದಿದ ಮನುಷ್ಯ ಮಾತ್ರ ಅರ್ಧ ಗಂಟೆ ಕೂತಲ್ಲೇ ಕೂತಿದ್ದ. ಈ ಎರಡರ ನಡುವಿನ ಕಂದಕದ ಬಗ್ಗೆಯೇ ಇವತ್ತಿನ ನನ್ನ ಮಾತು.

ತಪ್ಪು ತಿಳಿಯಬೇಡಿ, ಮುಕ್ತ ತಂತ್ರಾಂಶದ ಲೋಕದಲ್ಲಿ ನೆರವಿಗೆ ಬರವಿಲ್ಲ. ನೆರವು ಬರೆಯುವ ಪದ್ಧತಿ ಅಲ್ಲಿ ಹಳೆಯದು, ಹೆಮ್ಮೆಪಡುವಂಥದು. ಲಿನಕ್ಸಿನ ಮುತ್ತಜ್ಜ ಎನ್ನಬಹುದಾದ ಯೂನಿಕ್ಸ್‌ನ ಮೊದಲ ಕೈಪಿಡಿಗೆ 1971ರ ನವೆಂಬರ್ 3ರ ದಿನಾಂಕವಿದೆ. ಬರೆದವರು ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ, ಅಂದರೆ ಯೂನಿಕ್ಸನ್ನು ಕಟ್ಟಿದವರೇ. ಬೆನ್ನುಹತ್ತಿ ಬರೆಸಿದವರು ಅವರ ವಿಭಾಗದ ಮುಖ್ಯಸ್ಥ ಡಗ್ ಮೆಕಿಲ್‌ರಾಯ್. ಪ್ರತಿ ಆಜ್ಞೆಗೂ ಒಂದು ಪುಟ. ಹೆಸರು, ಬಳಸುವ ಬಗೆ, ವಿವರಣೆ, ಕೊನೆಯ ಕಡೆ ‘ಬಗ್ಸ್’ ಅಂತ ಒಂದು ತಲೆಬರಹ. ನಮ್ಮ ಈ ಆಜ್ಞೆಯಲ್ಲಿ ಇಂತಿಂಥ ದೋಷ ಉಳಿದಿದೆ ಎಂದು ಮಾಡಿದವರೇ ಬರೆದುಕೊಂಡ ಭಾಗ ಅದು. ಮಿಕ್ಸಿ ಕೊಂಡರೆ ಜೊತೆಗೆ ಬರುವ ಪುಸ್ತಿಕೆಯಲ್ಲಿ ಇಂಥ ಪ್ರಾಮಾಣಿಕತೆ ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ಆದರೆ ಆ ಕೈಪಿಡಿ ಬರೆದದ್ದು ಯಾರಿಗೆ? ಪಕ್ಕದ ಮೇಜಿನಲ್ಲಿ ಕೂತ ಸಹೋದ್ಯೋಗಿಗೆ. ಏನು ಮಾಡಬೇಕು ಅನ್ನುವುದು ಅವನಿಗೆ ಗೊತ್ತು, ಯಾವ ಅಕ್ಷರ ಒತ್ತಬೇಕು ಅನ್ನುವುದಷ್ಟೇ ಮರೆತಿರುತ್ತಾನೆ. ಹಾಗಾಗಿ ಅದು ನಮ್ಮ ಪಂಚಾಂಗದ ಹಾಗೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ, ಘಟಿ ವಿಘಟಿಯ ಲೆಕ್ಕದಲ್ಲಿ ಎಲ್ಲವೂ ಇದೆ. ‘ನಾಳೆ ಏಕಾದಶಿಯೋ ನಾಡಿದ್ದೋ?’ ಎಂದು ಕೇಳುವ ಅಜ್ಜಿಗೆ ಮಾತ್ರ ಅದು ಉತ್ತರ ಕೊಡುವುದಿಲ್ಲ. ಅದನ್ನು ಓದಿ ಹೇಳುವ ಭಟ್ಟರು ಬೇಕು. ಇವತ್ತಿಗೂ ಲಿನಕ್ಸಿನಲ್ಲಿ ಕಡತಗಳ ಪಟ್ಟಿ ತೋರಿಸುವ ಸಣ್ಣ ಆಜ್ಞೆಯ ಕೈಪಿಡಿ ತೆರೆದರೆ, ಅದರ ಆಯ್ಕೆಗಳೆಲ್ಲ ಅಕಾರಾದಿಯಾಗಿ ಸಾಲುಗಟ್ಟಿ ನಿಂತಿರುತ್ತವೆ. ದಿನಕ್ಕೆ ಹತ್ತು ಸಲ ಬೇಕಾದದ್ದೂ ಜನ್ಮಕ್ಕೊಮ್ಮೆ ಬೇಕಾದದ್ದೂ ಒಂದೇ ಪಂಕ್ತಿಯಲ್ಲಿ.

ಈ ಕೊರತೆ ಕಂಡವರು ಇಲ್ಲವೆಂದಲ್ಲ. 1990ರ ದಶಕದಲ್ಲಿ ಲಿನಕ್ಸ್ ಡಾಕ್ಯುಮೆಂಟೇಶನ್ ಪ್ರಾಜೆಕ್ಟ್ ‘ಹೌ-ಟು’ಗಳನ್ನು, ಅಂದರೆ ‘ಇದನ್ನು ಮಾಡುವುದು ಹೇಗೆ’ ಎಂಬ ಬಗೆಯ ಬರಹಗಳನ್ನು ರಾಶಿ ಹಾಕಿತು. 2013ರಲ್ಲಿ ಶುರುವಾದ ಟಿ.ಎಲ್.ಡಿ.ಆರ್. ಪುಟಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ಒಂದು ಆಜ್ಞೆಗೆ ಹೆಚ್ಚೆಂದರೆ ಎಂಟು ಉದಾಹರಣೆ, ಪ್ರತಿಯೊಂದಕ್ಕೂ ಒಂದೇ ಸಾಲಿನ ವಿವರಣೆ, ಅಷ್ಟೇ. ಡೇನಿಯಲೆ ಪ್ರೊಚಿಡಾ ಎಂಬವರು ಹೇಳುವ ವಿಂಗಡಣೆ ನನಗೆ ಹಿಡಿಸಿತು. ಕೈಹಿಡಿದು ಕಲಿಸುವ ಪಾಠ ಬೇರೆ, ಒಂದು ಕೆಲಸ ಮುಗಿಸಲು ದಾರಿ ತೋರುವುದು ಬೇರೆ, ಕೋಶದ ಹಾಗೆ ತೆರೆದು ನೋಡುವುದು ಬೇರೆ, ಯಾಕೆ ಹೀಗಿದೆ ಎಂದು ಬಿಡಿಸಿ ಹೇಳುವುದು ಬೇರೆ. ಈ ನಾಲ್ಕನ್ನೂ ಒಂದೇ ಪಾತ್ರೆಗೆ ಸುರಿದರೆ ಯಾರ ಹಸಿವೂ ತೀರುವುದಿಲ್ಲ. ಭಾವನಿಗೆ ಬೇಕಿದ್ದದ್ದು ಎರಡನೆಯದು. ಅವರ ಮುಂದೆ ಇದ್ದದ್ದು ಮೂರನೆಯದು.

ಸೂಪರ್ ಕೀಲಿಗೂ ಮೊದಲು ಇನ್ನೊಂದು ಪ್ರಸಂಗ ನಡೆದಿತ್ತು. ಅದು ಇನ್ನೂ ಸ್ವಾರಸ್ಯದ್ದು.

ಭಾವನ ಬೆರಳು ಪಳಗಿದ್ದು ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ. ಕೆ.ಪಿ. ರಾವ್ ಅವರು ರೂಪಿಸಿದ ಆ ಜೋಡಣೆ ನಮ್ಮ ಸರ್ಕಾರಿ ಕಚೇರಿ, ಶಾಲೆ, ಡಿ.ಟಿ.ಪಿ. ಅಂಗಡಿಗಳಲ್ಲಿ ಎರಡು ದಶಕದಿಂದ ಬೇರುಬಿಟ್ಟಿದೆ. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ, ಒತ್ತು ಕೊಡಲು ಎಫ್. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ’ ಎಂಬ ಹೆಸರು ಕಂಡ ಕೂಡಲೇ ಅವರು ಅದನ್ನು ಆರಿಸಿಕೊಂಡರು. ಆದರೆ ಅದು ಭಾರತದ ಹಲವು ಲಿಪಿಗಳಿಗೆ ಒಂದೇ ಪಡಿಯಚ್ಚಿನಲ್ಲಿ ಮಾಡಿದ ಇನ್‌ಸ್ಕ್ರಿಪ್ಟ್ ಜೋಡಣೆ. ಅದರಲ್ಲಿ ಎಚ್ ಒತ್ತಿದರೆ ಪ ಬರುತ್ತದೆ, ಜೆ ಒತ್ತಿದರೆ ರ. ‘ಹರಿಃ ಓಂ ಅಂತ ಶುರು ಮಾಡಿದರೆ ಪ ಬಂತು ಮಾರಾಯ, ಪರದೇಶಿ ಆದೆ’ ಎಂದರು ಫೋನಿನಲ್ಲಿ. ನುಡಿ ಎಂದು ಹುಡುಕಿದರು, ಸಿಗಲಿಲ್ಲ. ಲಿನಕ್ಸಿನಲ್ಲಿ ನುಡಿ ಕೀಲಿಮಣೆ ಇಲ್ಲ ಎಂದು ತೀರ್ಮಾನಿಸಿಬಿಟ್ಟರು.

ಇತ್ತು ಸ್ವಾಮಿ! ಅದೇ ಪಟ್ಟಿಯಲ್ಲಿ, ಅದೇ ‘ಕನ್ನಡ’ದ ಕೆಳಗಿನ ಸಾಲಿನಲ್ಲಿಯೇ ಇತ್ತು. ಆದರೆ ಅಲ್ಲಿ ಅದರ ಹೆಸರು ‘ಕಗಪ’. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳು. ಅದನ್ನೂ ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದರಿಂದ ನಮ್ಮ ಮೇಷ್ಟರು ಓದಿದ್ದು ‘ಕಾಗಪ್ಪ’ ಅಂತ. ‘ಕನ್ನಡ ಅಂತ ಇದೆ, ಪಕ್ಕದಲ್ಲಿ ಯಾರೋ ಕಾಗಪ್ಪ ಅಂತ ಇದ್ದಾನೆ. ಅವನನ್ನು ಮುಟ್ಟಲಿಲ್ಲ.’ ಇನ್ನೊಂದು ಸಲಕರಣೆ ಹಾಕಿಕೊಂಡರೆ ಅದೇ ಜೋಡಣೆಗೆ ‘ಕೆ.ಜಿ.ಪಿ.’ ಎಂದು ಮತ್ತೂ ಒಂದು ಹೆಸರು. ತಯಾರಿಸಿದವರ ದೃಷ್ಟಿಯಿಂದ ಎಲ್ಲವೂ ಸರಿ. ನುಡಿಯನ್ನು ರೂಪಿಸಿದ ಸಂಸ್ಥೆಯ ಹೆಸರನ್ನೇ ಇಟ್ಟಿದ್ದಾರೆ, ಗೌರವದಿಂದಲೇ ಇಟ್ಟಿದ್ದಾರೆ. ಆದರೆ ಹುಡುಕುವವನ ಬಾಯಲ್ಲಿರುವ ಹೆಸರು ‘ನುಡಿ’. ನಮ್ಮೂರಿನಲ್ಲಿ ಪೋಸ್ಟ್‌ಮ್ಯಾನಿಗೆ ಗೊತ್ತಿರುವುದು ಮನೆತನದ ಅಡ್ಡಹೆಸರು, ಆಧಾರ್ ಕಾರ್ಡಿನ ಹೆಸರಲ್ಲ. ಕಾಗದ ಮನೆ ತಲುಪಬೇಕಾದರೆ ಎರಡನ್ನೂ ಬರೆಯಬೇಕು.

ಒಂದು ಸಹಾಯ ಪುಟದಲ್ಲಿ ‘ನೀವು ನುಡಿಯಲ್ಲಿ ಟೈಪು ಮಾಡಿ ರೂಢಿಯಿದ್ದರೆ, ಕಗಪ ಎಂಬುದನ್ನು ಆರಿಸಿಕೊಳ್ಳಿ’ ಎಂಬ ಒಂದೇ ಸಾಲು ಇದ್ದಿದ್ದರೆ ಭಾವನ ಮೂರು ಸಂಜೆ ಉಳಿಯುತ್ತಿತ್ತು. ಆ ಒಂದು ಸಾಲು ಬರೆಯಲು ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ನುಡಿಯಲ್ಲಿ ಟೈಪು ಮಾಡಿ, ಲಿನಕ್ಸಿಗೆ ಬಂದು, ಒಮ್ಮೆ ದಾರಿ ತಪ್ಪಿದವರಾಗಿದ್ದರೆ ಸಾಕು. ದಾರಿ ತಪ್ಪದೆ ಹೋದವರಿಗೆ ಎಲ್ಲಿ ಕೈಮರ ನೆಡಬೇಕು ಅನ್ನುವುದು ಹೊಳೆಯುವುದೇ ಇಲ್ಲ. ನಾನು ಅಂಥವನು. ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೇನೆ, ಕಿಟಕಿ ಕೀಲಿಯನ್ನು ಸೂಪರ್ ಅನ್ನುವುದು ವಿಚಿತ್ರ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಗೊತ್ತಿದ್ದವರ ಕಣ್ಣಿಗೆ ಕಟ್ಟುವ ಪೊರೆ ಅದು.

ಇನ್ನು ಹೆಜ್ಜೆಗಳ ವಿಷಯ. ನಮ್ಮ ಅಮ್ಮ ಮೈಸೂರುಪಾಕು ಹೇಳಿಕೊಡುವಾಗ ‘ಹತ್ತು ನಿಮಿಷ ಕುದಿಸು’ ಎಂದವಳಲ್ಲ. ‘ಒಂದೆಳೆ ಪಾಕ ಬರಲಿ’ ಎನ್ನುತ್ತಿದ್ದಳು. ಎರಡು ಬೆರಳ ನಡುವೆ ಒಂದು ತೊಟ್ಟು ಹಿಡಿದು ಬಿಡಿಸಿದರೆ ಒಂದು ಎಳೆ ನಿಲ್ಲಬೇಕು. ನಿಂತರೆ ಮುಂದಕ್ಕೆ, ಇಲ್ಲದಿದ್ದರೆ ಇನ್ನಷ್ಟು ಹೊತ್ತು. ನೋಡಿ, ಎಂಥ ಒಳ್ಳೆಯ ಸಹಾಯ ಪುಟ ಅದು! ಒಲೆ ಸೌದೆಯದಾಗಲಿ ಗ್ಯಾಸಿನದಾಗಲಿ, ಪಾತ್ರೆ ಹಿತ್ತಾಳೆಯದಾಗಲಿ ಸ್ಟೀಲಿನದಾಗಲಿ, ಆ ಪರೀಕ್ಷೆ ಸುಳ್ಳಾಗುವುದಿಲ್ಲ. ಕಂಪ್ಯೂಟರಿನ ನೆರವಿನ ಬರಹಗಳಲ್ಲಿ ಈ ಎಳೆಯೇ ಇರುವುದಿಲ್ಲ. ಇದನ್ನು ಒತ್ತಿ, ಅದನ್ನು ಒತ್ತಿ, ಆಮೇಲೆ ಇದನ್ನು ಬರೆಯಿರಿ ಎಂದು ಎಂಟು ಹೆಜ್ಜೆ ಓಡುತ್ತಾರೆ. ಎರಡನೆಯ ಹೆಜ್ಜೆಯಲ್ಲೇ ಜಾರಿದವನು ಎಂಟನೆಯದರವರೆಗೂ ಬಂದು, ಕೊನೆಗೆ ‘ಆಗಲಿಲ್ಲ’ ಎನ್ನುತ್ತಾನೆ. ಪ್ರತಿ ಹೆಜ್ಜೆಯಾದ ಮೇಲೆ ‘ಈಗ ಪರದೆಯ ಮೇಲ್ಗಡೆ ಬಲಮೂಲೆಯಲ್ಲಿ ಭಾಷೆಯ ಹೆಸರು ಕಾಣಬೇಕು, ಕಾಣದಿದ್ದರೆ ಹಿಂದಿನ ಸಾಲಿಗೆ ಹೋಗಿ’ ಎಂದು ಹೇಳಿದರೆ ಏನು ಖರ್ಚು? ಜೊತೆಗೆ ಮರಳುವ ದಾರಿಯನ್ನೂ ಹೇಳಬೇಕು. ಮಾಡಿದ್ದನ್ನು ರದ್ದು ಮಾಡುವುದು ಹೇಗೆ ಎಂದು ತಿಳಿಸದೆ, ಯಂತ್ರದ ಪೂರ್ತಿ ಯಜಮಾನಿಕೆ ಬೇಡುವ ‘ಸುಡೊ’ ಆಜ್ಞೆಗಳನ್ನು ಹಂಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ನಿಜ ಹೇಳಬೇಕೆಂದರೆ, ಎಲ್ಲಕ್ಕಿಂತ ಒಳ್ಳೆಯ ನೆರವು ಯಾವ ಪುಟದಲ್ಲೂ ಇರುವುದಿಲ್ಲ. ಎಡವಿದ ಜಾಗದಲ್ಲೇ ಇರುತ್ತದೆ. ಉಬುಂಟು ಎಂಬ ಲಿನಕ್ಸಿನಲ್ಲಿ ಇನ್ನೂ ಹಾಕಿಕೊಂಡಿರದ ಆಜ್ಞೆಯೊಂದನ್ನು ಟೈಪು ಮಾಡಿ ನೋಡಿ. ‘ಇದು ಸಿಗಲಿಲ್ಲ, ಆದರೆ ಇಂಥ ಸಾಲು ಬರೆದರೆ ಹಾಕಿಕೊಳ್ಳಬಹುದು’ ಎಂದು ಅದೇ ಹೇಳಿಕೊಡುತ್ತದೆ. ಪೈಥಾನ್ ಭಾಷೆಯಲ್ಲಿ ಆವರಣ ಚಿಹ್ನೆ ತೆರೆದು ಮುಚ್ಚಲು ಮರೆತರೆ, ಮೊದಲೆಲ್ಲ ಮುಂದಿನ ಸಾಲಿನತ್ತ ಬೆರಳು ಮಾಡಿ ‘ವ್ಯಾಕರಣ ತಪ್ಪು’ ಎಂದಷ್ಟೇ ಹೇಳುತ್ತಿತ್ತು. ಆ ಸಾಲಿನಲ್ಲೋ, ಯಾವ ತಪ್ಪೂ ಇರುತ್ತಿರಲಿಲ್ಲ. ನನ್ನ ವಿದ್ಯಾರ್ಥಿಗಳು ತಪ್ಪಿಲ್ಲದ ಸಾಲನ್ನು ತಿದ್ದಿ ತಿದ್ದಿ ಕೆಡಿಸುತ್ತಿದ್ದರು. 2021ರ ಅಕ್ಟೋಬರಿನಲ್ಲಿ ಬಂದ 3.10ನೇ ಆವೃತ್ತಿಯಿಂದ ಅದು ‘ಈ ಆವರಣವನ್ನು ನೀವು ಮುಚ್ಚಲೇ ಇಲ್ಲ’ ಎಂದು ತೆರೆದ ಜಾಗವನ್ನೇ ತೋರಿಸುತ್ತದೆ. ಆ ಒಂದು ಬದಲಾವಣೆಯಿಂದ ನನ್ನ ಲ್ಯಾಬಿನಲ್ಲಿ ‘ಸರ್, ಸರ್’ ಎಂಬ ಕೂಗು ಎಷ್ಟು ಕಮ್ಮಿಯಾಯಿತೆಂದು ನನಗೆ ಗೊತ್ತು. ರಸ್ಟ್ ಭಾಷೆಯವರಂತೂ ಒಂದೊಂದು ತಪ್ಪಿಗೂ ಸಂಖ್ಯೆ ಕೊಟ್ಟು, ಆ ಸಂಖ್ಯೆ ಹೇಳಿದರೆ ಉದಾಹರಣೆ ಸಮೇತ ವಿವರಿಸುವ ಏರ್ಪಾಡು ಮಾಡಿದ್ದಾರೆ. ತಪ್ಪು ಮಾಡಿದವನನ್ನು ಗದರಿಸದೆ ಪಕ್ಕಕ್ಕೆ ಕೂರಿಸಿಕೊಂಡು ಹೇಳುವ ಮೇಷ್ಟರ ರೀತಿ ಅದು.

ವಯಸ್ಸಾದ ಸಲಹೆಯ ಅಪಾಯವನ್ನೂ ಹೇಳಿಬಿಡುತ್ತೇನೆ. ಔಷಧಿಯ ಹಾಗೆ ಕಂಪ್ಯೂಟರಿನ ಸಲಹೆಗೂ ಅವಧಿ ಇದೆ, ಶೀಶೆಯ ಮೇಲೆ ಚೀಟಿ ಮಾತ್ರ ಇರುವುದಿಲ್ಲ. ಪೈಥಾನಿನ ಎರಡನೇ ಪೀಳಿಗೆಗೆ 2020ರ ಜನವರಿ 1ಕ್ಕೆ ತಿಲಾಂಜಲಿ ಕೊಟ್ಟರು. ಆದರೂ ಅದನ್ನೇ ಹೇಳಿಕೊಡುವ ಪಾಠಗಳು ಇನ್ನೂ ಹುಡುಕಾಟದಲ್ಲಿ ಎದುರಾಗುತ್ತವೆ. ಹೊಸಬ ನಕಲು ಮಾಡುತ್ತಾನೆ, ನಡೆಯುವುದಿಲ್ಲ, ತನ್ನ ತಲೆಗೇ ಬೈದುಕೊಳ್ಳುತ್ತಾನೆ. ಬರೆದವರು ಯಾವ ಆವೃತ್ತಿಗೆ, ಯಾವ ತಿಂಗಳಲ್ಲಿ ಬರೆದದ್ದು ಎಂದು ತಲೆಯ ಮೇಲೆ ಹಾಕಬೇಕು. ಓದುವವರಿಗೂ ಒಂದು ಸಣ್ಣ ಗುಟ್ಟು: ಉಬುಂಟುವಿನ ಆವೃತ್ತಿಯ ಸಂಖ್ಯೆಯೇ ಅದು ಹುಟ್ಟಿದ ವರ್ಷ, ತಿಂಗಳು. 22.04 ಅಂದರೆ 2022ರ ನಾಲ್ಕನೇ ತಿಂಗಳು, 24.04 ಅಂದರೆ 2024ರ ಏಪ್ರಿಲ್. ಆರ್ಚ್ ಲಿನಕ್ಸಿನ ವಿಕಿಯನ್ನು ಬೇರೆ ಬೇರೆ ಬಗೆಯ ಲಿನಕ್ಸ್ ಬಳಸುವವರೂ ಹೋಗಿ ಓದುತ್ತಾರೆ. ಬಳಸುವವರೇ ಕೂತು ಹಳೆಯದನ್ನು ಕಿತ್ತುಹಾಕಿ ಹೊಸದನ್ನು ಸೇರಿಸುತ್ತಿರುವುದರಿಂದ ಅದಕ್ಕೆ ಅಷ್ಟು ಒಳ್ಳೆಯ ಹೆಸರು. ಕಳೆ ಕೀಳುವುದು ಸಸಿ ನೆಟ್ಟಷ್ಟೇ ದೊಡ್ಡ ಕೆಲಸ. ಅದಕ್ಕೆ ಚಪ್ಪಾಳೆ ಮಾತ್ರ ಕಮ್ಮಿ.

ಈಗ ನಮ್ಮದೇ ಒಂದು ತಾಪತ್ರಯಕ್ಕೆ ಬರುತ್ತೇನೆ. ನಾನು ಇಲ್ಲಿಯವರೆಗೆ ತಂತ್ರಾಂಶ, ತಂತ್ರಾಂಶ ಅಂದೆನಲ್ಲ. ಜನ ಹೇಳುವುದು ಸಾಫ್ಟ್‌ವೇರ್. ಆ ಪದವನ್ನು ಕನ್ನಡದಲ್ಲಿ ಟೈಪು ಮಾಡಿ ನೋಡಿ. ಟ್ ಆದ ಮೇಲೆ ವೇ ಬರೆದ ಕೂಡಲೇ ವಕಾರ ಹೋಗಿ ಟಕಾರದ ಕಾಲಿಗೆ ಒತ್ತಾಗಿ ಅಂಟಿಕೊಳ್ಳುತ್ತದೆ. ರಾಜ್‌ಕುಮಾರ್ ಎಂದು ಬರೆಯಹೋದರೆ ಜ ಮತ್ತು ಕ ಒಂದರ ಕೆಳಗೊಂದು ಕೂತು, ಅಣ್ಣಾವ್ರ ಹೆಸರು ಗುರುತು ಸಿಗದಂತಾಗುತ್ತದೆ. ಅವೆರಡನ್ನೂ ಬೇರೆಯಾಗಿ ನಿಲ್ಲಿಸಲು ನಡುವೆ ಒಂದು ಕಣ್ಣಿಗೆ ಕಾಣದ ಅಕ್ಷರ ಹಾಕಬೇಕು. ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಅಗಲವಿಲ್ಲದ, ಕೂಡಿಸದ ಅಕ್ಷರ ಎಂಬರ್ಥದ ಹೆಸರಿದೆ. ರ‍್ಯಾಂಕ್ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗಿ ಹಾರಿಹೋಗದಂತೆ ತಡೆಯಲು ಅದರ ತಮ್ಮನೊಬ್ಬನಿದ್ದಾನೆ, ಅವನೂ ಅದೃಶ್ಯ. ಬಾನುಲಿಯಲ್ಲಂತೂ ಈ ಅಣ್ಣ ತಮ್ಮಂದಿರು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ!

ಇದು ಇಂಗ್ಲಿಷಿನವನಿಗೆ ಎಂದೂ ಎದುರಾಗದ ತೊಂದರೆ. ಹಾಗಾಗಿ ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಕೂತು ಎಷ್ಟೇ ಶ್ರದ್ಧೆಯಿಂದ ಸಹಾಯ ಪುಟ ಬರೆದರೂ ಅದರಲ್ಲಿ ಈ ಸಾಲು ಬರುವುದಿಲ್ಲ. ಅದನ್ನು ಅನುವಾದ ಮಾಡಿಕೊಂಡರೂ ಬರುವುದಿಲ್ಲ, ಮೂಲದಲ್ಲೇ ಇಲ್ಲವಲ್ಲ! ಭಾವ ಕೇಳಿದಾಗ ನಾನು ಹೇಳಿದ್ದು ಇದು: ಇಂಗ್ಲಿಷ್ ಜೋಡಣೆಗೆ ಹೋಗಿ, ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ, ಆ ಕಾಣದ ಅಕ್ಷರದ ಸಂಖ್ಯೆ 200ಸಿ ಎಂದು ಬರೆದು ಎಂಟರ್ ಕೊಡಿ, ಮತ್ತೆ ಕನ್ನಡಕ್ಕೆ ಬನ್ನಿ. ಲಿನಕ್ಸಿನಲ್ಲಿ ಬಹಳಷ್ಟು ಕಡೆ ಇದು ನಡೆಯುತ್ತದೆ. ‘ಒಂದು ಸಾಫ್ಟ್‌ವೇರ್ ಬರೆಯೋಕೆ ಇಷ್ಟು ಸರ್ಕಸ್ಸಾ?’ ಎಂದರು. ಹೌದು, ಸರ್ಕಸ್ಸೇ. ಇದಕ್ಕಿಂತ ಸಲೀಸಾದ ದಾರಿಗಳೂ ಇವೆ, ಆದರೆ ಅದನ್ನು ಕನ್ನಡದವರು ಬರೆದಿಟ್ಟರೆ ತಾನೆ ಕನ್ನಡದವರಿಗೆ ಸಿಗುವುದು?

ಹಳೆಯ ನುಡಿ ಕಡತಗಳದೂ ಅದೇ ಕತೆ. ಭಾವ ತಮ್ಮ ಊರಿನ ಚರಿತ್ರೆಯನ್ನು ಹದಿನೈದು ವರ್ಷದಿಂದ ಬರೆದಿಟ್ಟಿದ್ದಾರೆ. ಲಿನಕ್ಸಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀರಿರುವ ಎ, ಬ್ರಿಟಿಷರ ಪೌಂಡಿನ ಚಿಹ್ನೆ! ‘ಅಪ್ಪನ ಕಾಲದ ಗೇಣಿ ಲೆಕ್ಕ ಪೌಂಡಿನಲ್ಲಿ ಬಂದಿದೆ’ ಎಂದು ನಕ್ಕರು, ಆದರೆ ದನಿಯಲ್ಲಿ ದಿಗಿಲಿತ್ತು. ಇದು ನುಡಿಯ ತಪ್ಪೂ ಅಲ್ಲ, ಲಿನಕ್ಸಿನ ತಪ್ಪೂ ಅಲ್ಲ. ಯೂನಿಕೋಡ್ ಮನೆಮನೆಗೆ ಬರುವ ಮುನ್ನ ಇಂಗ್ಲಿಷ್ ಅಕ್ಷರಗಳ ಗೂಡಿನಲ್ಲೇ ಕನ್ನಡದ ಚೂರುಗಳನ್ನು ಜೋಡಿಸಿ ಇಡಬೇಕಾಗಿತ್ತು. ಆ ಅಕ್ಷರಶೈಲಿ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. ಪರಿವರ್ತಿಸುವ ಸಲಕರಣೆಗಳಿವೆ. ನಮ್ಮವರೇ ಬರೆದು ಮುಕ್ತವಾಗಿ ಬಿಟ್ಟವೂ ಇವೆ. ಆದರೆ ಹೆದರಿದ ಮನುಷ್ಯ ಹುಡುಕುವುದು ‘ಪರಿವರ್ತಕ’ ಎಂದಲ್ಲ. ‘ನನ್ನ ಕನ್ನಡ ಫೈಲು ಹಾಳಾಗಿದೆ’ ಎಂದು. ಆ ವಾಕ್ಯದಿಂದಲೇ ಶುರುವಾಗುವ ಒಂದು ಪುಟ ಬೇಕು. ಅದರ ಮೊದಲ ಸಾಲಿನಲ್ಲಿ ‘ಹಾಳಾಗಿಲ್ಲ, ಹೆದರಬೇಡಿ’ ಎಂದಿರಬೇಕು.

ನಮ್ಮಲ್ಲಿ ಆದ ಒಳ್ಳೆಯ ಕೆಲಸವನ್ನೂ ನೆನೆಯಬೇಕು. ಐಐಟಿ ಬಾಂಬೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ ಬೆಳೆದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಹತ್ತು ನಿಮಿಷದ ಆಸುಪಾಸಿನವು. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ನಿಮ್ಮ ಕೆಲಸ. ಅವರು ಮಾಡಿದ ಹಾಗೆ ನಿಲ್ಲಿಸಿ ನಿಲ್ಲಿಸಿ ಮಾಡುತ್ತಾ ಹೋಗುವುದು. ಕನ್ನಡವೂ ಸೇರಿ ದೇಶದ ಹಲವು ಭಾಷೆಗಳಲ್ಲಿ ದನಿ ಕೊಟ್ಟಿದ್ದಾರೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಪದ್ಧತಿ: ಪಾಠದ ಬರಹವನ್ನು ವಿಷಯ ಗೊತ್ತಿದ್ದವರು ನೋಡುವುದಲ್ಲದೆ, ವಿಷಯವೇ ಗೊತ್ತಿಲ್ಲದ ಹೊಸಬರೊಬ್ಬರೂ ಮಾಡಿ ನೋಡಬೇಕು. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಬರಹವನ್ನು ತಿದ್ದಬೇಕು. ಅಡುಗೆ ಸರಿಯಾಗಿದೆಯೇ ಎಂದು ಭಟ್ಟರನ್ನು ಕೇಳಿದ ಹಾಗಲ್ಲ, ಪಂಕ್ತಿಯಲ್ಲಿ ಕೂತವನನ್ನು ಕೇಳಿದ ಹಾಗೆ.

ಕನ್ನಡದಲ್ಲಿ ಬರೆಯುವಾಗ ಒಂದು ಎಚ್ಚರ ಬೇಕು. ನಾವು ಮೇಷ್ಟರುಗಳು ಉತ್ಸಾಹದಲ್ಲಿ ಫೈಲಿಗೆ ಕಡತ, ಫೋಲ್ಡರಿಗೆ ಕಡತಕೋಶ ಎಂದೆಲ್ಲ ಬರೆದುಬಿಡುತ್ತೇವೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಫೈಲ್ ಎಂದೇ ಇರುತ್ತದೆ. ಓದುವವನು ಕಡತವನ್ನು ಹುಡುಕುತ್ತಾ ಕೂರುತ್ತಾನೆ. ಪರದೆಯಲ್ಲಿ ಏನಿದೆಯೋ ಅದನ್ನು ಮೊದಲು ಹೇಳಬೇಕು, ನಮ್ಮ ಪದವನ್ನು ಅದರ ಬೆನ್ನಿಗೆ ಕಟ್ಟಬೇಕು. ಪದಪ್ರೇಮ ತೀರಿಸಿಕೊಳ್ಳಲು ಬೇರೆ ಜಾಗಗಳಿವೆ. ಈ ಮಾತಿಗೆ ಭಾವನ ಒಪ್ಪಿಗೆ ಇಲ್ಲ. ಇರಲಿ.

ಕೇಳುವವರ ಪಾಲೂ ಇದೆ. ‘ಆಗ್ತಿಲ್ಲ’ ಎಂದಷ್ಟೇ ಹೇಳಿದರೆ ಯಾವ ಡಾಕ್ಟರೂ ಔಷಧಿ ಕೊಡಲಾರ. ಸೈಮನ್ ಟ್ಯಾಥಮ್ ಎಂಬ ಪ್ರೋಗ್ರಾಮರ್ 1999ರಲ್ಲೇ ದೋಷ ವರದಿ ಮಾಡುವುದು ಹೇಗೆಂದು ಒಂದು ಪ್ರಬಂಧ ಬರೆದರು. ಏನು ಮಾಡಿದಿರಿ, ಏನು ಆಗಬೇಕೆಂದುಕೊಂಡಿರಿ, ಏನಾಯಿತು, ಇದನ್ನು ಕಂಡ ಹಾಗೆ ಹೇಳಿ, ರೋಗನಿದಾನ ಆಮೇಲೆ ಎಂಬುದು ಅದರ ತಿರುಳು. ಎರಡು ವರ್ಷದ ಮೇಲೆ ಎರಿಕ್ ರೇಮಂಡ್ ಎಂಬ ಇನ್ನೊಬ್ಬರು ಪ್ರಶ್ನೆ ಕೇಳುವ ಜಾಣತನದ ಬಗ್ಗೆ ಉದ್ದದ ಬರಹ ಬರೆದರು. ಹೊಸಬರನ್ನು ಗದರಿಸಲು ಅದನ್ನು ಮುಖಕ್ಕೆ ಹಿಡಿಯುವವರು ಬಹಳ. ಅದೇ ಬರಹದ ಕೊನೆಯ ಕಡೆ ಉತ್ತರ ಹೇಳುವವರು ಹೇಗೆ ನಡೆದುಕೊಳ್ಳಬೇಕು ಎಂಬ ಭಾಗವೂ ಇದೆ. ಅಲ್ಲಿಯವರೆಗೆ ಓದಿದವರನ್ನು ನಾನು ಕಂಡದ್ದು ಕಮ್ಮಿ. ‘ಮೊದಲು ಕೈಪಿಡಿ ಓದು’ ಎನ್ನುವ ಬೈಗುಳದಂಥ ಉತ್ತರ ಆ ಲೋಕದಲ್ಲಿ ಹಳೆಯ ಚಾಳಿ. ಕೈಪಿಡಿ ಓದಿಯೇ ದಿಕ್ಕು ತಪ್ಪಿದವನಿಗೆ ಅದೇ ಮಾತು ಹೇಳಿದರೆ ಅವನು ಎಲ್ಲಿಗೆ ಹೋಗಬೇಕು?

ಮತ್ತೆ ಸಾಗರಕ್ಕೆ ಬರೋಣ. ಶಿವರಾತ್ರಿಗೆ ಮುಂಚೆ ನಾನು ಒಂದು ಹಾಳೆಯಲ್ಲಿ ಕನ್ನಡ ಟೈಪು ಮಾಡುವ ಹೆಜ್ಜೆಗಳನ್ನೆಲ್ಲ ಬರೆದು, ಮುದ್ರಿಸಿ, ಭಾವನಿಗೆ ಅಂಚೆಯಲ್ಲಿ ಕಳಿಸಿದೆ. ಕೇಳಿ ಕೇಳಿ ಕಲಿತದ್ದನ್ನೆಲ್ಲ ಅದರಲ್ಲಿ ತುಂಬಿದ್ದೆ. ನುಡಿ ಎಂದರೆ ಕಗಪ, ಅಂತ ದಪ್ಪಕ್ಷರದಲ್ಲಿತ್ತು. ಯಾವ ಆವೃತ್ತಿಗೆ, ಯಾವ ದಿನಾಂಕದಲ್ಲಿ ಬರೆದದ್ದು ಎಂದಿತ್ತು. ಒಳ್ಳೆಯ ಕೆಲಸ ಮಾಡಿದೆ ಎಂದು ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಯುಗಾದಿಗೆ ಹೋದಾಗ ಆ ಹಾಳೆ ಅವರ ಮಾನಿಟರಿನ ಪಕ್ಕದ ಗೋಡೆಗೆ ಅಂಟಿಕೊಂಡಿತ್ತು. ಮೇಷ್ಟರ ಕೆಂಪು ಶಾಯಿ ಅದರ ಮೇಲೆ ಧಾರಾಳವಾಗಿ ಓಡಾಡಿತ್ತು. ಒಂದು ಕಡೆ ನನ್ನ ದೀರ್ಘದ ತಪ್ಪು ತಿದ್ದಿದ್ದರು. ನಾಲ್ಕನೇ ಹೆಜ್ಜೆಯಲ್ಲಿ, ಅಷ್ಟೆಲ್ಲ ಆದ ಮೇಲೂ ನಾನು ‘ಸೂಪರ್’ ಎಂದೇ ಬರೆದಿದ್ದೆ! ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ನಾಲ್ಕು ಗಾಜಿನ ಪುಟ್ಟ ಕಿಟಕಿಯೊಂದನ್ನು ಬಿಡಿಸಿದ್ದರು. ಹಾಳೆಯ ಅಡಿಯಲ್ಲಿ ಗೆರೆ ಎಳೆದು, ಅವರದೇ ಮುದ್ದಾದ ಕೈಬರಹದಲ್ಲಿ ಹೊಸದಾಗಿ ಒಂದು ಸಾಲು:

‘ಪಾಸ್‌ವರ್ಡ್ ಸರಿ ಹಾಕಿದರೂ ಒಳಗೆ ಬಿಡದಿದ್ದರೆ, ಮೇಲ್ಗಡೆ ಬಲಮೂಲೆ ನೋಡುವುದು. ಅಲ್ಲಿ ಕನ್ನಡ ಇದ್ದರೆ ಇಂಗ್ಲಿಷಿಗೆ ಬದಲಿಸಿ ಮತ್ತೆ ಹಾಕುವುದು. ಎರಡು ದಿನ ಹೊರಗೇ ಇದ್ದೆ.’

ಪಕ್ಕದ ಮನೆಯ ಹುಡುಗಿ ಅದರ ಫೋಟೋ ತೆಗೆದುಕೊಂಡು ಹೋಗಿದ್ದಾಳಂತೆ, ಅವಳ ಶಾಲೆಯ ಲ್ಯಾಬಿಗೆ.